ಮನೆಯಲ್ಲೇ ಪ್ರಿಂಟರಿನ ಕಾರ್ಟ್ರಿಜ್‌ಗೆ ಶಾಯಿ ತುಂಬಿದೆ, ವಾರ ಕಳೆದರೆ ಬಿಳಿ ಗೆರೆ. ತಪ್ಪುತ್ತಿರುವುದು ಎಲ್ಲಿ?

ಮುಳ್ಳೇರಿಯದ ಟೀಚರು

ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಸಣ್ಣ ತರಗತಿಗಳಿಗೆ ಪಾಠ ಮಾಡುತ್ತೇನೆ. ಅಭ್ಯಾಸದ ಹಾಳೆಗಳು ಮಲಯಾಳದಲ್ಲಿ ಕೇಳಿದಷ್ಟು ಸಿಗುತ್ತವೆ. ಕನ್ನಡದ್ದನ್ನು ನಾವೇ ಟೈಪ್ ಮಾಡಿ ನಾವೇ ಮುದ್ರಿಸಿಕೊಳ್ಳಬೇಕು. ಅದಕ್ಕೆಂದೇ ಒಂದು ಪುಟ್ಟ ಇಂಕ್‌ಜೆಟ್ ಪ್ರಿಂಟರ್ ತಂದೆ. ಕಪ್ಪಿನದೊಂದು, ಮೂರು ಬಣ್ಣ ಒಟ್ಟಾಗಿರುವುದೊಂದು, ಹೀಗೆ ಎರಡು ಕಾರ್ಟ್ರಿಜ್. ಯಂತ್ರ ಅಗ್ಗಕ್ಕೇ ಸಿಕ್ಕಿತು. ಶಾಯಿ ಮುಗಿದ ದಿನ ಅಂಗಡಿಗೆ ಹೋದಾಗ ತಿಳಿಯಿತು, ಹೊಸ ಜೋಡಿಯ ಬೆಲೆಗೆ ಇನ್ನಷ್ಟು ಸೇರಿಸಿದರೆ ಇನ್ನೊಂದು ಯಂತ್ರವೇ ಮನೆಗೆ ಬರುತ್ತದೆ. ಹಸುವಿಗಿಂತ ಹಗ್ಗ ತುಟ್ಟಿ.

ಹಾಗಾಗಿ ನಾಲ್ಕು ಬಾಟಲಿ ಶಾಯಿ, ಒಂದು ಸಿರಿಂಜು ತಂದು ನಾನೇ ತುಂಬಿದೆ. ಅಂದು ಮುತ್ತಿನಂಥ ಅಕ್ಷರ. ಏಳೆಂಟು ದಿನ ಬಿಟ್ಟು ನೋಡಿದರೆ ಸಾಲಿನ ನಡುವೆ ಬಿಳಿ ಗೆರೆ. ಮತ್ತೆ ತುಂಬಿದೆ, ಮತ್ತೆ ಸರಿಯಾಯಿತು, ಮತ್ತೆ ಗೆರೆ. ಮೂರು ಸಲ ಇದೇ ಕಥೆ. ಗೆರೆ ಹಾಯುವುದೂ ಅಕ್ಷರದ ಹೊಟ್ಟೆಯ ಮೇಲೆಯೇ. ‘ಷ’ದ ಒಳಗಿನ ಗೀಟು ಮಾಯವಾಗಿ ‘ಪ’ ಆಗಿಬಿಡುತ್ತದೆ. ಮೂರನೇ ತರಗತಿಯ ಹುಡುಗಿಯೊಬ್ಬಳು ‘ವಿಷಯ’ವನ್ನು ‘ವಿಪಯ’ ಎಂದು ಓದಿದಳು. ಅವಳನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ, ಹಾಳೆಯಲ್ಲಿದ್ದದ್ದು ಅದೇ.

ಶಾಯಿ ಕೆಟ್ಟದ್ದೇ? ನನ್ನ ಕೈ ಕೆಟ್ಟದ್ದೇ?

ತೋಟದ ಮನೆ

ಎರಡೂ ಅಲ್ಲ ಟೀಚರೇ, ಇಂಕ್‌ಜೆಟ್ ಎಂಬ ಜಾತಿಯೇ ಕೆಟ್ಟದ್ದು. ಕಪ್ಪು ಅಕ್ಷರ ಮಾತ್ರ ಬೇಕಿದ್ದರೆ ಲೇಸರ್ ತೆಗೆದುಕೊಳ್ಳಿ. ಅದರಲ್ಲಿರುವುದು ಪುಡಿ; ಆರು ತಿಂಗಳು ಮುಟ್ಟದಿದ್ದರೂ ಒಣಗುವುದಿಲ್ಲ. ನಾನು ಅಡಿಕೆ ಲೆಕ್ಕದ ಚೀಟಿಗಳಿಗೆ ಅದನ್ನೇ ಇಟ್ಟುಕೊಂಡಿದ್ದೇನೆ. ಅಂದ ಹಾಗೆ, ಕಂಪನಿಯ ಕಾರ್ಟ್ರಿಜ್‌ಗೆ ನಾವು ಶಾಯಿ ತುಂಬುವುದಕ್ಕೆ ಕಾನೂನು ಒಪ್ಪುತ್ತದೆಯೇ?

ಉಪ್ಪಳದ ಡಿಟಿಪಿ

ಟೀಚರಿಗೆ ಮೊದಲು ಒಂದು ಪ್ರಶ್ನೆ. ಕಾರ್ಟ್ರಿಜ್ ಹೊರತೆಗೆದಾಗ ಒಂದು ಬದಿಯಲ್ಲಿ ತಾಮ್ರ ಬಣ್ಣದ ಚುಕ್ಕೆಗಳ ಪಟ್ಟಿ, ತಳದಲ್ಲಿ ಉಗುರಿಗಿಂತ ಸಣ್ಣ ಹೊಳೆಯುವ ತಗಡು ಕಾಣುತ್ತದೆಯೇ? ಕಂಡರೆ ಮುದ್ರಿಸುವ ಹೆಡ್ ಕಾರ್ಟ್ರಿಜ್‌ನಲ್ಲೇ ಇದೆ ಎಂದರ್ಥ. ಎಚ್‌ಪಿ, ಕ್ಯಾನನ್ ಕಂಪನಿಗಳ ಎರಡು ಕಾರ್ಟ್ರಿಜ್‌ನ ಸಣ್ಣ ಯಂತ್ರಗಳು ಹೆಚ್ಚಾಗಿ ಹೀಗೆಯೇ. ಎಪ್ಸನ್‌ನಲ್ಲಿ ಹೆಡ್ ಯಂತ್ರದೊಳಗೇ ಇರುತ್ತದೆ. ಅಲ್ಲಿ ಕಟ್ಟಿಕೊಂಡರೆ ಕಾರ್ಟ್ರಿಜ್ ಬದಲಿಸಿ ಕೈ ತೊಳೆದುಕೊಳ್ಳುವಂತಿಲ್ಲ. ನಿಮ್ಮದು ಮೊದಲ ಬಗೆಯಾಗಿದ್ದರೆ ಅದೃಷ್ಟವಂತರು. ಎಷ್ಟೇ ಕೆಡಿಸಿದರೂ ಕೆಡುವುದು ಒಂದು ಕಾರ್ಟ್ರಿಜ್.

ತೋಟದ ಮನೆಯವರಿಗೆ: ಒಂದನೇ ತರಗತಿಯ ಮಕ್ಕಳಿಗೆ ಕಪ್ಪು ಗಿಳಿ, ಕಪ್ಪು ಮಾವಿನಹಣ್ಣು ತೋರಿಸಲಾಗುತ್ತದೆಯೇ? ಬಣ್ಣದ ಲೇಸರ್‌ನ ಬೆಲೆ ಒಮ್ಮೆ ಕೇಳಿ ಬನ್ನಿ.

ತಲಪಾಡಿ ದಾಟುವವನು

ಕಾನೂನಿನ ಮಾತಿಗೆ ಎರಡು ಸಾಲು. ಇದೇ ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು, ಲೆಕ್ಸ್‌ಮಾರ್ಕ್ ಕಂಪನಿಯ ಟೋನರ್ (ಲೇಸರಿನ ಪುಡಿ) ಕಾರ್ಟ್ರಿಜ್ ಬಗ್ಗೆ. ವಸ್ತುವನ್ನು ಒಮ್ಮೆ ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಮುಗಿಯಿತು, ಕೊಂಡವನು ಮತ್ತೆ ತುಂಬಿಸಿದರೆ ಆ ಹಕ್ಕಿನ ಬಲದಿಂದ ತಡೆಯಲಾಗದು ಎಂದು 2017ರಲ್ಲಿ ತೀರ್ಪು ಬಂತು. ಅದು ಆ ದೇಶದ ಮಾತು. ನಮ್ಮಲ್ಲಿಯೂ ಪೇಟೆಯ ಬದಿಯಲ್ಲಿ ‘ರೀಫಿಲ್ ಮಾಡಿಕೊಡಲಾಗುವುದು’ ಎಂಬ ಬೋರ್ಡು ಹಾಕಿ ಹಗಲು ಹೊತ್ತಿನಲ್ಲೇ ವ್ಯಾಪಾರ ಮಾಡುತ್ತಾರೆ, ಕದ್ದುಮುಚ್ಚಿ ಅಲ್ಲ.

ಮುಳ್ಳೇರಿಯದ ಟೀಚರು

ತಾಮ್ರದ ಚುಕ್ಕೆಗಳಿವೆ, ಹೊಳೆಯುವ ತಗಡೂ ಇದೆ. ಶಾಯಿ ಪೂರ್ತಿ ಮುಗಿದು ಹಾಳೆ ಬೆಳ್ಳಗೆ ಬರುವವರೆಗೂ ಮುದ್ರಿಸಿ, ಆಮೇಲೆ ತುಂಬುತ್ತಿದ್ದೆ. ಉಳಿತಾಯವಾಗಲಿ ಎಂದು.

ಬೆಸುಗೆ ಕಡ್ಡಿ

ಅಯ್ಯೋ, ಅದೊಂದನ್ನು ಇಂದೇ ನಿಲ್ಲಿಸಿ. ಕಾಸರಗೋಡಿನಲ್ಲಿ ಇಂಥ ಯಂತ್ರಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನಿಮ್ಮ ಕಾರ್ಟ್ರಿಜ್‌ನ ತಳದ ತಗಡಿನಲ್ಲಿ ಕೂದಲಿಗಿಂತ ಸಪೂರವಾದ ನೂರಾರು ತೂತುಗಳಿವೆ. ಪ್ರತಿ ತೂತಿನ ಹಿಂದೆ ಒಂದು ಪುಟ್ಟ ಹೀಟರ್. ಅದು ಸೆಕೆಂಡಿನ ಕೆಲವೇ ದಶಲಕ್ಷಾಂಶ ಹೊತ್ತು ಸುಮಾರು 300 ಡಿಗ್ರಿಗೆ ಕಾಯುತ್ತದೆ, ತಾಗಿಕೊಂಡಿರುವ ಶಾಯಿ ಆವಿಯಾಗಿ ಗುಳ್ಳೆ ಏಳುತ್ತದೆ, ಗುಳ್ಳೆ ಒಂದು ಹನಿಯನ್ನು ಕಾಗದದ ಮೇಲೆ ನೂಕುತ್ತದೆ. ದೋಸೆ ಕಾವಲಿಗೆ ನೀರು ಚಿಮುಕಿಸಿದಾಗ ಚುಂಯ್ ಎನ್ನುತ್ತದಲ್ಲ, ಅದೇ. ಇಲ್ಲಿ ಹೀಟರ್‌ನ ಕಾವನ್ನು ಹೊತ್ತೊಯ್ಯುವುದೂ ಶಾಯಿಯೇ. ಶಾಯಿ ಇಲ್ಲದೆ ಮುದ್ರಿಸಿದರೆ ಕಾವು ಹೋಗಲು ದಾರಿಯಿಲ್ಲ, ಹೀಟರ್ ಸುಟ್ಟುಹೋಗುತ್ತದೆ. ಕಟ್ಟಿಕೊಂಡ ತೂತು ಬಿಸಿನೀರಿಗೆ ಬಿಡಬಹುದು, ಸುಟ್ಟದ್ದು ಏನು ಮಾಡಿದರೂ ಬಾರದು. ಅಕ್ಷರ ಮಾಸಲು ಆಗುತ್ತಿದೆ ಅನ್ನಿಸಿದ ಗಳಿಗೆಯಲ್ಲೇ ತುಂಬಬೇಕು.

ಇದರ ಹುಟ್ಟಿನ ಕಥೆಯಲ್ಲೂ ಸಿರಿಂಜು ಇದೆ. 1977ರಲ್ಲಿ ಕ್ಯಾನನ್ ಪ್ರಯೋಗಾಲಯದಲ್ಲಿ ಕಾದ ಬೆಸುಗೆ ಕಡ್ಡಿಯೊಂದು ಆಕಸ್ಮಿಕವಾಗಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿತು, ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಬಬಲ್ ಜೆಟ್ ಎಂಬ ಈ ಗುಳ್ಳೆಯ ವಿಧಾನ ಹುಟ್ಟಿದ್ದು ಅಲ್ಲಿಂದ. ಎಚ್‌ಪಿಯವರು ತಮ್ಮದೇ ದಾರಿಯಲ್ಲಿ ಇದೇ ತತ್ತ್ವಕ್ಕೆ ಬಂದು 1984ರಲ್ಲಿ ಥಿಂಕ್‌ಜೆಟ್ ಪ್ರಿಂಟರ್ ಹೊರತಂದರು. ನನ್ನ ಹೆಸರು ಬೆಸುಗೆ ಕಡ್ಡಿ ಯಾಕೆಂದು ಇನ್ನು ಯಾರೂ ಕೇಳಬಾರದು.

ಎಪ್ಸನ್‌ನದು ಬೇರೆ ದಾರಿ. ಅಲ್ಲಿ ಕಾಯಿಸುವುದಿಲ್ಲ, ವಿದ್ಯುತ್ ಹಾಯಿಸಿದರೆ ಬಾಗುವ ಪೀಜೋ ತುಣುಕು ಹನಿಯನ್ನು ಒತ್ತಿ ದೂಡುತ್ತದೆ. ಅದಕ್ಕೇ ಅದರ ಶಾಯಿ ಬೇರೆ, ಇದರ ಶಾಯಿ ಬೇರೆ. ‘ಎಲ್ಲ ಯಂತ್ರಕ್ಕೂ ಆಗುತ್ತದೆ’ ಎಂದು ಬರೆದ ಬಾಟಲಿಯನ್ನು ನಾನು ಕೈಯಿಂದ ಮುಟ್ಟುವುದಿಲ್ಲ.

ಕುಂಬಳೆಯ ಔಷಧದಂಗಡಿ

ಸಿರಿಂಜು ಎಂದರೆ ನನ್ನ ಸೀಮೆ. ಅಂಗಡಿಗೆ ಬಂದು ‘ಪ್ರಿಂಟರಿಗೆ ಸೂಜಿ ಕೊಡಿ’ ಎನ್ನುವವರಿಗೆ 5 ಮಿ.ಲೀ. ಸಿರಿಂಜು, ಹಸಿರು ಬುಡದ ಸೂಜಿ ಕೊಡುತ್ತೇನೆ. ಹಸಿರು ಎಂದರೆ 21 ಗೇಜು, 0.8 ಮಿ.ಮೀ. ದಪ್ಪ. ನೀಲಿ 23 ಗೇಜು, ಕಿತ್ತಳೆ 25 ಗೇಜು. ಸಂಖ್ಯೆ ಏರಿದಷ್ಟೂ ಸೂಜಿ ಸಪೂರ, ಒತ್ತುವಾಗ ಹೆಬ್ಬೆರಳು ನೋಯುತ್ತದೆ. ನಾಲ್ಕು ಬಣ್ಣಕ್ಕೆ ನಾಲ್ಕು ಸಿರಿಂಜು, ದಯವಿಟ್ಟು. ತೊಳೆದು ಬಳಸುತ್ತೇನೆ ಎನ್ನುವ ಜಾಣರ ಹಳದಿ ಎರಡೇ ದಿನದಲ್ಲಿ ಹಸಿರಾಗಿರುತ್ತದೆ. ಮುಗಿದ ಮೇಲೆ ಸೂಜಿಗೆ ಮುಚ್ಚಳ ಹಾಕಿಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಉಪ್ಪಳದ ಡಿಟಿಪಿ

ಸರಿ, ಈಗ ತುಂಬುವ ಕ್ರಮ. ಮಂಗಳೂರಿಗೆ ಬಸ್ ಹತ್ತಿ ಕಾರ್ಟ್ರಿಜ್ ತರಬೇಕಾಗಿದ್ದ ಕಾಲದಿಂದ ಇದನ್ನು ಮಾಡುತ್ತಿದ್ದೇನೆ. ಯಕ್ಷಗಾನದ ಕರಪತ್ರ, ಭಜನಾ ಮಂದಿರದ ವಾರ್ಷಿಕೋತ್ಸವದ ಆಮಂತ್ರಣ, ಗೃಹಪ್ರವೇಶ, ಎಲ್ಲವೂ ತುಂಬಿದ ಶಾಯಿಯಲ್ಲೇ ಹೊರಟಿವೆ.

ಹಳೆಯ ದಿನಪತ್ರಿಕೆ ನಾಲ್ಕು ಪದರ ಹಾಸಿ. ಬಿಳಿ ಪಂಚೆ ಉಟ್ಟು ಕೂರಬೇಡಿ. ಕಾರ್ಟ್ರಿಜ್ ಮೇಲಿನ ಚೀಟಿಯನ್ನು ಮೆಲ್ಲಗೆ ಏಳಿಸಿದರೆ ಅಡಿಯಲ್ಲಿ ತೂತುಗಳು ಕಾಣುತ್ತವೆ. ಕಪ್ಪಿನದರಲ್ಲಿ ಗೊಂದಲವಿಲ್ಲ. ಬಣ್ಣದ್ದರಲ್ಲಿ ಯಾವ ತೂತು ಯಾವ ಬಣ್ಣದ್ದು ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಚಿತ್ರ ನೋಡಿ ನಂಬಬೇಡಿ. ಹಲ್ಲುಕಡ್ಡಿಯನ್ನು ಪ್ರತಿ ತೂತಿಗೂ ಇಳಿಸಿ, ತೆಗೆದು ಬಿಳಿ ಕಾಗದಕ್ಕೆ ಒರೆಸಿ. ಕಡ್ಡಿ ಸುಳ್ಳು ಹೇಳುವುದಿಲ್ಲ. ಒಂದು ತೂತಿಗೆ ಒಂದೇ ಕಡ್ಡಿ.

ಒಳಗಿರುವುದು ಸ್ಪಂಜು, ಕೊಡಪಾನ ಅಲ್ಲ. ಎಲ್ಲರೂ ಎಡವುವುದು ಇಲ್ಲಿಯೇ. ಸೂಜಿಯನ್ನು ಸ್ಪಂಜಿನೊಳಗೆ ಆಳಕ್ಕೆ ಇಳಿಸಿ, ತಳಕ್ಕೆ ತಾಗಿಸಬೇಡಿ. ಹನಿ ಹನಿಯಾಗಿ ಬಿಡಿ. ರಭಸದಿಂದ ಒತ್ತಿದರೆ ಸ್ಪಂಜಿನ ನಡುವೆ ಗಾಳಿ ಸಿಕ್ಕಿಕೊಂಡು ಶಾಯಿ ಇದ್ದೂ ಇಲ್ಲದಂತಾಗುತ್ತದೆ. ಸಣ್ಣ ಕಾರ್ಟ್ರಿಜ್ ಆದರೆ ಕಪ್ಪಿಗೆ ಮೂರು ನಾಲ್ಕು ಮಿ.ಲೀ., ಬಣ್ಣಕ್ಕೆ ತಲಾ ಒಂದೂವರೆ ಎರಡು. ತೂತಿನ ಬಾಯಲ್ಲಿ ಶಾಯಿ ಮಿನುಗಿತೆಂದರೆ ಹೊಟ್ಟೆ ತುಂಬಿದೆ, ಚೂರು ಹಿಂದಕ್ಕೆಳೆದು ಸೂಜಿ ತೆಗೆಯಿರಿ. ಸ್ಪಂಜು ಶಾಯಿಯನ್ನು ಮೇಲಕ್ಕೆ ಹಿಡಿದುಕೊಂಡಿರುವುದರಿಂದಲೇ ತಳದಿಂದ ಅದು ಸೋರುವುದಿಲ್ಲ. ಹೆಚ್ಚು ತುಂಬಿದರೆ ಆ ಹಿಡಿತ ತಪ್ಪುತ್ತದೆ. ಗಾಳಿ ಹೋಗುವ ದಾರಿಯನ್ನೂ ಸೇರಿಸಿ ಅಂಟುಪಟ್ಟಿ ಬಿಗಿದರೆ ಅದೂ ತಪ್ಪು: ಶಾಯಿ ಇಳಿಯಬೇಕಾದರೆ ಮೇಲಿನಿಂದ ಗಾಳಿ ಬರಬೇಕು. ಹಳೆಯ ಚೀಟಿಯನ್ನೇ ಸಡಿಲವಾಗಿ ಮರಳಿ ಅಂಟಿಸಿ.

ಆಮೇಲೆ ಒಂದೆರಡು ಗಂಟೆ ತೂತಿನ ತಗಡು ಕೆಳಗಿರುವಂತೆ ಬಿಡಿ. ನಂತರ ಟಿಶ್ಯೂ ಕಾಗದದ ಮೇಲೆ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಬಣ್ಣದ್ದಾದರೆ ಮೂರು ಬಣ್ಣದ ಮೂರು ಪಟ್ಟೆ ಅಚ್ಚಾಗಬೇಕು. ಅಚ್ಚಾಗದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟಿಶ್ಯೂವಿನ ಮೇಲೆ ಐದು ನಿಮಿಷ ಕೂರಿಸಿ. ಭಟ್ಟಿ ಇಳಿಸಿದ ನೀರಾದರೆ ಒಳ್ಳೆಯದು. ನಮ್ಮ ಕೊಳವೆಬಾವಿಯ ನೀರು ಒಣಗಿದರೆ ಬಿಳಿ ಕಲೆ ಬಿಡುತ್ತದೆ. ಪೆಟ್ರೋಲ್, ಥಿನ್ನರ್ ಕಡೆಗೆ ಕೈ ಹೋಗದಿರಲಿ. ತಾಮ್ರದ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಬೇಡಿ.

ಯಂತ್ರಕ್ಕೆ ಮರಳಿ ಹಾಕಿದಾಗ ‘ಶಾಯಿ ಇಲ್ಲ’, ‘ಬಳಸಿದ ಕಾರ್ಟ್ರಿಜ್’ ಎಂದೆಲ್ಲ ದೂರು ಬರುತ್ತದೆ. ಅದು ಶಾಯಿಯನ್ನು ಅಳೆದು ಹೇಳುತ್ತಿರುವುದಲ್ಲ, ಇಷ್ಟು ಹನಿ ಖರ್ಚಾಗಿದೆ ಎಂಬ ತನ್ನ ಲೆಕ್ಕ ಒಪ್ಪಿಸುತ್ತಿದೆ. ನೀವು ತುಂಬಿದ್ದು ಅದಕ್ಕೆ ತಿಳಿಯದು. ಎಚ್‌ಪಿಯಲ್ಲಿ ಸಾಮಾನ್ಯವಾಗಿ ಸರಿ ಎಂದು ಒತ್ತಿ ಮುಂದುವರಿಯಬಹುದು. ಕ್ಯಾನನ್‌ನ ಹಲವು ಯಂತ್ರಗಳಲ್ಲಿ ಇ13, ಇ16 ಎಂದು ಬರುತ್ತದೆ, ಸ್ಟಾಪ್ ಗುಂಡಿಯನ್ನು ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಲೆಕ್ಕ ಹಾಕುವುದನ್ನೇ ಬಿಡುತ್ತದೆ. ಆಮೇಲೆ ಶಾಯಿ ಎಷ್ಟಿದೆ ಎಂದು ನೋಡಿಕೊಳ್ಳುವ ಕೆಲಸ ನಿಮ್ಮದು.

ಹಪ್ಪಳದಕ್ಕ

ನಾನು ಹಲಸಿನ ಹಪ್ಪಳದ ಕಟ್ಟುಗಳಿಗೆ ಮನೆಯಲ್ಲೇ ಚೀಟಿ ಮುದ್ರಿಸುತ್ತೇನೆ. ಹೋದ ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಕಟ್ಟು ಹಿಡಿದವರೊಬ್ಬರ ಅಂಗೈ ತುಂಬ ಕೆಂಪು. ಚೀಟಿಯಲ್ಲಿ ಹಲಸಿನ ಚಿತ್ರವೂ ಇಲ್ಲ, ಬೆಲೆಯೂ ಇಲ್ಲ. ಅದೇ ಚೀಟಿಯ ಕಪ್ಪು ಅಕ್ಷರ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಇದೇನು ವಿಚಿತ್ರ?

ಉಪ್ಪಳದ ಡಿಟಿಪಿ

ವಿಚಿತ್ರವಲ್ಲ ಅಕ್ಕ. ಬಣ್ಣದ ಶಾಯಿ ಡೈ, ಅಂದರೆ ನೀರಿನಲ್ಲಿ ಕರಗಿದ ಬಣ್ಣ, ಸಕ್ಕರೆ ಕರಗಿದ ಹಾಗೆ. ನೀರು ಸೋಕಿದರೆ ಮತ್ತೆ ಕರಗುತ್ತದೆ. ಇಂಥ ಯಂತ್ರಗಳ ಕಪ್ಪು ಅನೇಕ ಬಾರಿ ಪಿಗ್ಮೆಂಟ್: ನುಣ್ಣಗೆ ಅರೆದ ಪುಡಿ ನೀರಿನಲ್ಲಿ ತೇಲುತ್ತಿರುತ್ತದೆ, ಕಾಗದದ ಮೇಲೆ ಕೂತರೆ ಏಳುವುದಿಲ್ಲ. ನಿಮ್ಮ ಕಪ್ಪು ಯಾವುದೆಂದು ತಿಳಿಯಬೇಕೇ? ಕಂಪನಿಯ ಶಾಯಿಯಲ್ಲಿ ಮುದ್ರಿಸಿದ ಹಳೆಯ ಹಾಳೆಯೊಂದಕ್ಕೆ ಒದ್ದೆ ಬೆರಳು ಎಳೆಯಿರಿ. ಹರಡದಿದ್ದರೆ ಪಿಗ್ಮೆಂಟ್, ಅದಕ್ಕೆ ಪಿಗ್ಮೆಂಟ್ ಶಾಯಿಯನ್ನೇ ತುಂಬಬೇಕು. ಎರಡನ್ನೂ ಬೆರೆಸಿದರೆ ಒಳಗೆ ಒಡೆದ ಹಾಲಿನಂತೆ ಗರಣೆ ಕಟ್ಟಬಹುದು. ಚೀಟಿಗೆ ಸದ್ಯಕ್ಕೆ ಮೇಲೊಂದು ಅಗಲದ ಪಾರದರ್ಶಕ ಟೇಪು ಎಳೆಯಿರಿ.

ಟೀಚರೂ ಇದನ್ನು ನೋಡಿಕೊಳ್ಳಲಿ.

ತೋಟದ ಮನೆ

ಹಪ್ಪಳದ ಚೀಟಿಗೂ ಲೇಸರ್ ಒಳ್ಳೆಯದು. ಹೇಳಿ ಬಿಟ್ಟಿದ್ದೇನೆ.

ಮುಳ್ಳೇರಿಯದ ಟೀಚರು

ಹೇಳಿದಂತೆಯೇ ಮಾಡಿದೆ, ಒಂದನ್ನು ಬಿಟ್ಟು. ಕಪ್ಪು ಸೊಗಸಾಗಿ ಬಂತು. ಬಣ್ಣದ್ದಕ್ಕೆ ತುಂಬುತ್ತಿದ್ದಾಗ ಬಾಗಿಲಲ್ಲಿ ಮೀನಿನವನು ಹಾರನ್ ಒತ್ತಿದ. ತಲೆಯೆತ್ತಿದ ಒಂದು ಗಳಿಗೆಯಲ್ಲಿ ನೀಲಿ ಉಕ್ಕಿ ಪಕ್ಕದ ಹಳದಿಯ ತೂತಿಗೆ ಇಳಿಯಿತು. ಈಗ ಹಳದಿ ಎಳೆ ಬಾಳೆಯೆಲೆಯ ಬಣ್ಣ. ಬೆರಳುಗಳ ಗತಿಯೂ ಅದೇ. ನಿಂಬೆಹುಳಿ, ಸಾಬೂನು, ತೆಂಗಿನ ನಾರು ಎಲ್ಲವೂ ಸೋತವು. ಗೇರುಹಣ್ಣಿನ ಕಲೆಯ ಹಾಗೆ ಚರ್ಮವೇ ಬದಲಾಗಬೇಕೋ ಏನೋ.

ಇದಕ್ಕಿಂತ ದೊಡ್ಡ ದುಃಖ ಬೇರೆ. ಕಪ್ಪು ಸೊಗಸಾಗಿ ಬಂತು ಎಂದೆನಲ್ಲ, ಒಂಬತ್ತನೇ ದಿನ ಮತ್ತೆ ಗೆರೆ. ಈ ಸಲ ಶಾಯಿ ಒಳ್ಳೆಯದು, ಪಿಗ್ಮೆಂಟ್‌ಗೆ ಪಿಗ್ಮೆಂಟೇ, ಕೈಯೂ ನಡುಗಿಲ್ಲ.

ಬೆಸುಗೆ ಕಡ್ಡಿ

ಬಿಸಿನೀರಿನ ಟಿಶ್ಯೂವಿಗೆ ಗೆರೆ ಹೋಗುತ್ತದೆಯೇ?

ಮುಳ್ಳೇರಿಯದ ಟೀಚರು

ಹೋಗುತ್ತದೆ. ಪೂರ್ತಿ ಹೋಗುತ್ತದೆ.

ಬೆಸುಗೆ ಕಡ್ಡಿ

ಹಾಗಾದರೆ ಹೀಟರ್ ಸುಟ್ಟಿಲ್ಲ, ತುಂಬಿದ್ದರಲ್ಲೂ ತಪ್ಪಿಲ್ಲ. ತೂತುಗಳು ಒಣಗುತ್ತಿವೆ, ಅಷ್ಟೇ. ಈ ಪ್ರಶ್ನೆಯನ್ನು ಮೊದಲೇ ಕೇಳಬೇಕಿತ್ತು: ಮುದ್ರಿಸಿ ಮುಗಿದ ಮೇಲೆ ಯಂತ್ರವನ್ನು ಹೇಗೆ ಆರಿಸುತ್ತೀರಿ?

ಮುಳ್ಳೇರಿಯದ ಟೀಚರು

ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತುಬಿಡುತ್ತೇವೆ. ಅತ್ತೆಯವರ ಕಟ್ಟಪ್ಪಣೆ. ನಾಲ್ಕು ವರ್ಷದ ಹಿಂದೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಟಿವಿ, ಫ್ರಿಜ್ಜು, ಪಂಪಿನ ಸ್ಟಾರ್ಟರ್ ಒಟ್ಟಿಗೆ ಹೋಗಿದ್ದವು. ಅಂದಿನಿಂದ ಮೋಡ ಗುಡುಗಿದರೆ ಸಾಕು, ಅವರು ಮನೆಯೆಲ್ಲ ಸುತ್ತಿ ಪ್ಲಗ್ ಕೀಳುತ್ತಾರೆ. ಪ್ರಿಂಟರ್ ಹಾಳೆ ನುಂಗುತ್ತಿದ್ದರೂ ಬಿಡುವುದಿಲ್ಲ.

ಬೆಸುಗೆ ಕಡ್ಡಿ

ಅಲ್ಲಿಗೆ ಕಳ್ಳ ಸಿಕ್ಕಿದ.

ಕಾರ್ಟ್ರಿಜ್ ಅತ್ತಿತ್ತ ಓಡಾಡುವ ದಾರಿಯ ಒಂದು ಕೊನೆಯಲ್ಲಿ, ಸಾಮಾನ್ಯವಾಗಿ ಬಲಗಡೆ, ರಬ್ಬರಿನ ಪುಟ್ಟ ಮುಚ್ಚಳಗಳಿವೆ. ಯಂತ್ರದ ಗುಂಡಿ ಒತ್ತಿ ಆರಿಸಿದರೆ ಅದು ಕೂಡಲೇ ಆರುವುದಿಲ್ಲ. ಗರ್ ಎಂದು ಕಾರ್ಟ್ರಿಜ್ ಹೊತ್ತ ಗಾಡಿಯನ್ನು ಅಲ್ಲಿಗೆ ಒಯ್ದು ಮುಚ್ಚಳದ ಮೇಲೆ ಕೂರಿಸಿ ಆಮೇಲೆ ಕಣ್ಣು ಮುಚ್ಚುತ್ತದೆ. ನಡುವೆ ಪ್ಲಗ್ ಕಿತ್ತರೆ ಗಾಡಿ ದಾರಿಯಲ್ಲೇ ನಿಂತು ಹೆಡ್ ಬಾಯಿ ತೆರೆದುಕೊಂಡೇ ಇರುತ್ತದೆ. ಪೆನ್ನಿಗೆ ಮುಚ್ಚಳ ಹಾಕದೆ ವಾರ ಬಿಟ್ಟರೆ ಏನಾಗುತ್ತದೆ? ನಿಮ್ಮ ಒಂಬತ್ತು ದಿನದ ಲೆಕ್ಕ ಅದೇ. ನೀವು ಮೂರು ಸಲ ಶಾಯಿ ತುಂಬಿದ್ದು ಶಾಯಿ ಇದ್ದ ಕಾರ್ಟ್ರಿಜ್‌ಗೆ ಎಂದೇ ನನ್ನ ಅನುಮಾನ.

ಅತ್ತೆಯವರ ಭಯವನ್ನು ತೆಗೆದುಹಾಕಬೇಡಿ, ಅದು ನ್ಯಾಯವಾದ ಭಯ. ಎಪ್ರಿಲ್, ಮೇ ತಿಂಗಳ ಸಂಜೆಗೂ ತುಲಾ ಮಳೆಗೂ ನನ್ನ ಮೇಜಿನ ಮೇಲೆ ಸುಟ್ಟ ಬೋರ್ಡುಗಳ ರಾಶಿ ಬೀಳುತ್ತದೆ. ಕ್ರಮ ಒಂದನ್ನೇ ಬದಲಿಸಿ: ಮೊದಲು ಯಂತ್ರದ ಗುಂಡಿ, ದೀಪ ಆರುವವರೆಗೆ ಹತ್ತು ಎಣಿಕೆ, ಆಮೇಲೆ ಪ್ಲಗ್. ಕರೆಂಟೇ ಹೋಗಿ ನಡುವೆ ನಿಂತಿದ್ದರೆ, ಬಂದ ಮೇಲೆ ಒಮ್ಮೆ ಹಚ್ಚಿ ಗುಂಡಿಯಿಂದಲೇ ಆರಿಸಿ. ವಾರಕ್ಕೊಮ್ಮೆ ನಾಲ್ಕು ಬಣ್ಣವೂ ಬರುವ ಒಂದು ಹಾಳೆ ಮುದ್ರಿಸಿದರೆ ಇನ್ನೂ ಒಳ್ಳೆಯದು.

ಉಪ್ಪಳದ ಡಿಟಿಪಿ

ಇಷ್ಟು ಉದ್ದಕ್ಕೆ ನಾನು ಸ್ಪಂಜಿನ ಪುರಾಣ ಹೇಳಿದೆ, ಈ ಮಾತು ಹೊಳೆಯಲೇ ಇಲ್ಲ. ನಮ್ಮಂಗಡಿಯಲ್ಲಿ ಯಂತ್ರ ಆರುವುದೇ ಕಡಿಮೆ, ಅದಕ್ಕೆ ಇರಬೇಕು.

ಹಳದಿಗೆ ಉಪಾಯವಿದೆ. ಟಿಶ್ಯೂವಿನ ಮೇಲೆ ಹೆಡ್ ಒತ್ತಿ ಹಸಿರನ್ನು ಹೀರಿಸಿ, ಮೇಲಿನಿಂದ ಹೊಸ ಹಳದಿ ಸ್ವಲ್ಪ ಕೊಡಿ. ಪುಟ ತುಂಬ ಬರೀ ಹಳದಿ ಇರುವ ಒಂದು ಹಾಳೆ ಮಾಡಿಕೊಂಡು ಹತ್ತು ಪ್ರತಿ ಮುದ್ರಿಸಿ. ಹಳದಿಯೇ ಎಲ್ಲಕ್ಕಿಂತ ತಿಳಿಯಾದ ಬಣ್ಣ, ಒಂದು ಹನಿ ನೀಲಿಗೂ ಕೆಡುತ್ತದೆ, ತಿಳಿಯಾಗಲು ಹೊತ್ತು ಹಿಡಿಯುತ್ತದೆ. ಅಷ್ಟರವರೆಗೆ ಕಪ್ಪು ಹಾಳೆಗಳ ಕೆಲಸ ನಿಲ್ಲಬಾರದು. ಎಚ್‌ಪಿಯ ಎರಡು ಕಾರ್ಟ್ರಿಜ್‌ನ ಅನೇಕ ಯಂತ್ರಗಳಲ್ಲಿ ಬಣ್ಣದ್ದನ್ನು ಹೊರತೆಗೆದಿಟ್ಟು ಕಪ್ಪೊಂದರಿಂದಲೇ ಮುದ್ರಿಸಬಹುದು. ನಿಮ್ಮದರಲ್ಲಿ ಆಗುತ್ತದೆಯೇ ನೋಡಿ.

ಇನ್ನೊಂದು ಮಾತು. ಒಂದೇ ಕಾರ್ಟ್ರಿಜ್ ನಿಮಗೆ ಅಕ್ಷಯಪಾತ್ರೆ ಆಗುವುದಿಲ್ಲ. ನನ್ನ ಕೈಯಲ್ಲಿ ಐದಾರು ಸಲ ತುಂಬಿದ ಮೇಲೆ ಹೀಟರ್‌ಗಳು ಒಂದೊಂದಾಗಿ ಹೋಗುತ್ತವೆ, ಆಗ ಬಿಸಿನೀರಿಗೂ ಬಗ್ಗದ ಗೆರೆ ಬರುತ್ತದೆ. ಆಗ ಹೊಸದನ್ನು ಕೊಳ್ಳಲೇಬೇಕು.

ತಲಪಾಡಿ ದಾಟುವವನು

ತಿಂಗಳಿಗೆ ಐನೂರು ಹಾಳೆ ದಾಟುವವರು ಈ ಸೂಜಿ ಸಾಹಸ ಬಿಟ್ಟು ಟ್ಯಾಂಕ್ ಇರುವ ಯಂತ್ರ ಕೊಳ್ಳುವುದು ಮೇಲು. ಬಾಟಲಿಯಿಂದ ಸುರಿದರೆ ಆಯಿತು. ಹಿಂದೆ ಜನರು ಪ್ರಿಂಟರಿನ ಪಕ್ಕದಲ್ಲಿ ಬಾಟಲಿ ನೇತುಹಾಕಿ ಕೊಳವೆ ಎಳೆದುಕೊಳ್ಳುತ್ತಿದ್ದರು. 2010ರ ಹೊತ್ತಿಗೆ ಎಪ್ಸನ್ ಅದನ್ನು ತಾನೇ ಮಾಡಿ ಮಾರತೊಡಗಿತು, ಮೊದಲು ಇಂಡೋನೇಷ್ಯದಲ್ಲಿ. ಉಳಿದ ಕಂಪನಿಗಳು ಹಿಂದಿನಿಂದ ಬಂದವು. ಟೀಚರಿಗೆ ತಿಂಗಳಿಗೆ ಎಷ್ಟು ಬೇಕಾಗುತ್ತದೆ?

ಮುಳ್ಳೇರಿಯದ ಟೀಚರು

ನೂರು, ನೂರಿಪ್ಪತ್ತು. ಅಷ್ಟಕ್ಕೆ ಸೂಜಿಯೇ ಸಾಕು.

ಹಪ್ಪಳದಕ್ಕ

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕಾಗದವೇ ಹಪ್ಪಳದಂತೆ ಮುರುಟಿ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದಲ್ಲ, ಅದಕ್ಕೆ ಯಾರಾದರೂ ಔಷಧ ಹೇಳಿ.

ಬೆಸುಗೆ ಕಡ್ಡಿ

ಒಡೆದ ಕಟ್ಟನ್ನು ಯಂತ್ರದ ತಟ್ಟೆಯಲ್ಲಿ ಬಿಡಬೇಡಿ ಅಕ್ಕ. ಹಪ್ಪಳ ಇಡುವ ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇಡಿ, ಬೇಕಾದಾಗ ಹತ್ತೇ ಹಾಳೆ ತೆಗೆಯಿರಿ. ತೇವ ಹೀರಿದ ಕಾಗದದಲ್ಲಿ ಶಾಯಿಯೂ ಅಂಚು ಬಿಟ್ಟು ಹಬ್ಬುತ್ತದೆ.

ಮುಳ್ಳೇರಿಯದ ಟೀಚರು

ಹದಿನೆಂಟು ದಿನವಾಯಿತು. ಈ ನಡುವೆ ಎರಡು ಸಲ ಗುಡುಗಿತು, ಒಂದು ಸಲ ರಾತ್ರಿಯಿಡೀ ಕರೆಂಟು ಇರಲಿಲ್ಲ. ಅತ್ತೆಯವರು ಈಗ ಪ್ರಿಂಟರಿನ ಗುಂಡಿ ಒತ್ತಿ, ಬೆರಳು ಮಡಚುತ್ತ ಹತ್ತರವರೆಗೆ ಗಟ್ಟಿಯಾಗಿ ಎಣಿಸಿ, ಆಮೇಲೆ ಪ್ಲಗ್ ಕೀಳುತ್ತಾರೆ. ನಾನು ಆತುರದಲ್ಲಿ ಏಳಕ್ಕೇ ಕಿತ್ತರೆ ಬೈಗುಳ. ಇವತ್ತು ಇಪ್ಪತ್ತೇಳು ಹಾಳೆ ಮುದ್ರಿಸಿದೆ, ಒಂದರಲ್ಲೂ ಗೆರೆಯಿಲ್ಲ. ‘ವಿಷಯ’ ವಿಷಯವಾಗಿಯೇ ಬಂದಿದೆ.

ಹಳದಿ ಮಾತ್ರ ಇನ್ನೂ ಪೂರ್ತಿ ತಿಳಿಯಾಗಿಲ್ಲ. ಒಂದನೇ ತರಗತಿಯ ಹಣ್ಣುಗಳ ಹಾಳೆಯಲ್ಲಿ ಮಾವು ಇನ್ನೂ ದೋರೆಗಾಯಿ.

ಉಪ್ಪಳದ ಡಿಟಿಪಿ

ಇನ್ನೊಂದು ಹತ್ತು ಪ್ರತಿ ಹಳದಿ ಹಾಳೆ ಬಿಡಿ, ಹಣ್ಣಾಗುತ್ತದೆ.